189, 190, 491, 482: ಆಸ್ಟ್ರೇಲಿಯಾಕ್ಕೆ ಹೊರಟವರು ಯಾವ ವೀಸಾ ಹಿಡಿಯಬೇಕು?

ಆಸ್ಟ್ರೇಲಿಯಾ ಪಿಆರ್, ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿಯ ಮಾತು ಎಲ್ಲೇ ಬರಲಿ, ಮೊದಲ ಪ್ರಶ್ನೆ "ನಿಮ್ಮ ಪಾಯಿಂಟ್ ಎಷ್ಟು?" ಅಂತಲೇ ಇರುತ್ತದೆ. ಎರಡನೆಯದು "190ಗೆ ಕಾಯಲಾ, 491 ಬಂದರೆ ತಗೊಂಡುಬಿಡಲಾ?" (ಇವು ವೀಸಾಗಳ ನಂಬರ್.) ಮೊದಲನೆಯದಕ್ಕೆ ಉತ್ತರ ಸುಲಭ, ಕೂಡಿಸಿ ನೋಡಿದರೆ ಆಯಿತು. ಎರಡನೆಯದಕ್ಕೆ ಬಹಳ ಜನ ಸ್ನೇಹಿತರ ಮಾತು ಕೇಳಿ, ಇಲ್ಲವೇ ಏಜೆಂಟ್ ಹೇಳಿದ್ದನ್ನು ನಂಬಿ ತೀರ್ಮಾನ ಮಾಡಿಬಿಡುತ್ತಾರೆ. ನನ್ನ ಪ್ರಕಾರ ಅದನ್ನು ತೀರ್ಮಾನಿಸಬೇಕಾದವು ಎರಡು ಸಂಗತಿಗಳು. ಒಂದು ನಿಮ್ಮ ವಯಸ್ಸು. ಇನ್ನೊಂದು, ನಿಮ್ಮ ಗಂಡನಿಗೋ ಹೆಂಡತಿಗೋ ಅಲ್ಲಿ ಯಾವ ಊರಲ್ಲಿ ಕೆಲಸ ಸಿಗುತ್ತದೆ ಎಂಬುದು. ಈ ಬರಹದ ಉದ್ದಕ್ಕೂ ಈ ಎರಡನ್ನೇ ಮತ್ತೆ ಮತ್ತೆ ಎತ್ತುತ್ತೇನೆ.

ಇಲ್ಲಿರುವ ಶುಲ್ಕ, ಸಂಬಳದ ಮಿತಿಗಳು 2025-26ರ ಲೆಕ್ಕ, ಡಾಲರ್ ಎಂದರೆ ಆಸ್ಟ್ರೇಲಿಯಾದ ಡಾಲರ್. ಅಲ್ಲಿ ಹಣಕಾಸು ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ಪ್ರತಿ ಜುಲೈನಲ್ಲಿ ಇವು ಮೇಲೇರುತ್ತವೆ.

ನಾಲ್ಕು ದಾರಿ, ಚುಟುಕಾಗಿ

189 ಸ್ವತಂತ್ರ ವೀಸಾ. ಯಾವ ರಾಜ್ಯವೂ, ಯಾವ ಕಂಪನಿಯೂ ನಿಮ್ಮ ಬೆನ್ನಿಗೆ ನಿಲ್ಲಬೇಕಿಲ್ಲ. ಸಿಕ್ಕ ದಿನದಿಂದಲೇ ಪಿಆರ್, ದೇಶದಲ್ಲಿ ಎಲ್ಲಿ ಬೇಕಾದರೂ ಇರಬಹುದು.

190 ಕೂಡ ಮೊದಲ ದಿನದಿಂದಲೇ ಪಿಆರ್. ಆದರೆ ಒಂದು ರಾಜ್ಯ ನಿಮ್ಮನ್ನು ನಾಮಿನೇಟ್ ಮಾಡಬೇಕು. ಅದಕ್ಕೆ 5 ಪಾಯಿಂಟ್ ಸಿಗುತ್ತದೆ. ಎರಡು ವರ್ಷ ಆ ರಾಜ್ಯದಲ್ಲೇ ಇರುತ್ತೇವೆಂದು ನೀವು ಒಪ್ಪಿಕೊಳ್ಳುತ್ತೀರಿ.

491 ತಾತ್ಕಾಲಿಕ ವೀಸಾ, ಅವಧಿ ಐದು ವರ್ಷ. ಇದು 2019ರ ನವೆಂಬರ್‌ನಲ್ಲಿ ಶುರುವಾಯಿತು. ರಾಜ್ಯದ ನಾಮಿನೇಶನ್ ಇಲ್ಲವೇ ರೀಜನಲ್ ಭಾಗದಲ್ಲಿ (ಮೂರು ಮಹಾನಗರ ಬಿಟ್ಟು ಉಳಿದ ದೇಶ) ನೆಲೆಸಿರುವ ಹತ್ತಿರದ ಸಂಬಂಧಿಯ ಸ್ಪಾನ್ಸರ್‌ಶಿಪ್ ಬೇಕು. ಅದಕ್ಕೆ 15 ಪಾಯಿಂಟ್. ಮೂರು ವರ್ಷ ಕಳೆದ ಮೇಲೆ, ಮೂರು ವರ್ಷದ ತೆರಿಗೆ ಲೆಕ್ಕದ ಪತ್ರ (ನೋಟಿಸ್ ಆಫ್ ಅಸೆಸ್‌ಮೆಂಟ್) ತೋರಿಸಿ 191 ಎಂಬ ವೀಸಾಕ್ಕೆ ಅರ್ಜಿ ಹಾಕಿದರೆ ಪಿಆರ್.

482 ಕಂಪನಿಯ ದಾರಿ. ಇದಕ್ಕೆ ಪಾಯಿಂಟ್ ಲೆಕ್ಕವೇ ಇಲ್ಲ. ಅಲ್ಲಿನ ಕಂಪನಿಯೊಂದು ಕೆಲಸ ಕೊಟ್ಟು ಸ್ಪಾನ್ಸರ್ ಮಾಡಬೇಕು. 2024ರ ಡಿಸೆಂಬರ್ 7ರಿಂದ ಇದರ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್ ವೀಸಾ. ಎರಡು ವರ್ಷ ಕೆಲಸ ಮಾಡಿದ ಮೇಲೆ ಕಂಪನಿ ಒಪ್ಪಿದರೆ 186 ಎಂಬ ವೀಸಾದ ಮೂಲಕ ಪಿಆರ್.

ಸೀಟು ಎಷ್ಟು ಎಂಬುದೂ ಗೊತ್ತಿರಲಿ. 2024-25ರಲ್ಲಿ ಒಟ್ಟು 1,85,000 ಪರ್ಮನೆಂಟ್ ಜಾಗಗಳಲ್ಲಿ 189ಕ್ಕೆ ಇಟ್ಟಿದ್ದು 16,900. ರಾಜ್ಯ ನಾಮಿನೇಶನ್‌ಗೆ 33,000, ರೀಜನಲ್‌ಗೆ 33,000, ಕಂಪನಿ ಸ್ಪಾನ್ಸರ್‌ಗೆ 44,000. ಎಲ್ಲರೂ ಕನಸು ಕಾಣುವ 189ಕ್ಕೇ ಜಾಗ ಎಲ್ಲಕ್ಕಿಂತ ಕಡಿಮೆ.

ಪಾಯಿಂಟ್: ಪೇಪರ್ ಮೇಲೆ ಒಮ್ಮೆ ಕೂಡಿಸಿ

189, 190, 491ಕ್ಕೆ ವಯಸ್ಸು, ಓದು, ಇಂಗ್ಲಿಷ್, ಅನುಭವ ನೋಡಿ ಪಾಯಿಂಟ್ ಕೊಡುತ್ತಾರೆ. ಕನಿಷ್ಠ 65 ಬೇಕು. ಆದರೆ 65 ಇದ್ದರೆ ಸಾಲಿನಲ್ಲಿ ನಿಲ್ಲಬಹುದು, ಅಷ್ಟೇ. ಅರ್ಜಿ ಹಾಕಿ ಎಂಬ ಕರೆ, ಅಂದರೆ ಇನ್ವಿಟೇಶನ್, ಬರುವುದು ಜಾಸ್ತಿ ಪಾಯಿಂಟ್ ಇದ್ದವರಿಗೆ ಮೊದಲು. ನರ್ಸ್‌ಗಳಿಗೆ, ಶಾಲಾ ಶಿಕ್ಷಕರಿಗೆ ಕಡಿಮೆ ಪಾಯಿಂಟ್‌ಗೂ ಕರೆ ಬರುತ್ತದೆ. ಐಟಿಯವರಿಗೆ, ಅಕೌಂಟೆಂಟ್‌ಗಳಿಗೆ ಆ ಮಟ್ಟ ಬಹಳ ಮೇಲಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಂಪ್ಯೂಟರ್ ಸೈನ್ಸ್ ಬಿಇ, ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಕೆಲಸ, ವಯಸ್ಸು 32, ಮದುವೆಯಾಗಿದೆ. ವಯಸ್ಸಿಗೆ 30, ಡಿಗ್ರಿಗೆ 15. ಇಂಗ್ಲಿಷ್ ಪರೀಕ್ಷೆಯಲ್ಲಿ ಮೇಲಿನ ಮಟ್ಟ ಮುಟ್ಟಿದರೆ 20. ಒಂಬತ್ತು ವರ್ಷ ಅನುಭವಕ್ಕೆ 15 ಸಿಗುತ್ತದೆ ಅಂದುಕೊಂಡಿರುತ್ತಾರೆ, ಆದರೆ ಸಿಗುವುದು 10.

ಇಲ್ಲೇ ಬಹಳ ಜನ ಎಡವುತ್ತಾರೆ. ಐಟಿಯವರ ವಿದ್ಯೆ, ಅನುಭವ ಅಳೆಯುವುದು (ಇದಕ್ಕೇ ಅಸೆಸ್‌ಮೆಂಟ್ ಎನ್ನುವುದು) ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಅಂದರೆ ಎಸಿಎಸ್. ಓದಿದ್ದು ಕೆಲಸಕ್ಕೆ ಹತ್ತಿರದ ಐಟಿ ವಿಷಯವೇ ಆಗಿದ್ದರೆ ಅವರು ಸಾಮಾನ್ಯವಾಗಿ ಮೊದಲ ಎರಡು ವರ್ಷ ಕಳೆಯುತ್ತಾರೆ. ಐಟಿ ಡಿಗ್ರಿ ಇದ್ದೂ ಕೆಲಸಕ್ಕೆ ದೂರವಾದರೆ ನಾಲ್ಕು ವರ್ಷ. ಮೆಕ್ಯಾನಿಕಲ್, ಸಿವಿಲ್ ಓದಿ ಸಾಫ್ಟ್‌ವೇರ್‌ಗೆ ಬಂದವರಿಗೆ ಆರು ವರ್ಷದವರೆಗೂ ಹೋಗುತ್ತದೆ. ಹೀಗೆ ಕಳೆದ ಮೇಲೆ ಉಳಿದದ್ದಕ್ಕೆ ಮಾತ್ರ ಪಾಯಿಂಟ್: ಮೂರು ವರ್ಷಕ್ಕೆ 5, ಐದಕ್ಕೆ 10, ಎಂಟಕ್ಕೆ 15. ಅದೂ ಹಿಂದಿನ ಹತ್ತು ವರ್ಷದ ಒಳಗಿನ ಕೆಲಸ ಮಾತ್ರ.

ಈಗ 75 ಆಯಿತು. ವೀಸಾಕ್ಕೆ ಒಪ್ಪುವ ಉದ್ಯೋಗಗಳ ಪಟ್ಟಿ ಇದೆ. ಹೆಂಡತಿಯೂ ಅದೇ ಪಟ್ಟಿಯ ಉದ್ಯೋಗದಲ್ಲಿದ್ದು, ಅವರದ್ದೂ ಅಸೆಸ್‌ಮೆಂಟ್ ಆಗಿ, ಇಂಗ್ಲಿಷ್ ಪರೀಕ್ಷೆಯಲ್ಲಿ ಐಇಎಲ್‌ಟಿಎಸ್ 6ರ ಮಟ್ಟ ಮುಟ್ಟಿದರೆ ಇನ್ನೂ 10. ಬರೀ ಇಂಗ್ಲಿಷ್ ಮಾತ್ರ ಇದ್ದರೆ 5. ಮದುವೆಯಾಗದವರಿಗೆ ಸುಮ್ನೆ ಕೂತಿದ್ದರೂ 10. ಒಟ್ಟು 85. ಕನ್ನಡದ ಪರೀಕ್ಷೆಯೊಂದು ಪಾಸಾದರೆ ಇನ್ನೈದು, ಅದನ್ನು ಕೆಳಗೆ ಹೇಳುತ್ತೇನೆ. ಅಲ್ಲಿಗೆ 90. ಇದೇ ವ್ಯಕ್ತಿಗೆ 190ರಲ್ಲಿ 95, 491ರಲ್ಲಿ 105.

ಇನ್ನು ವಯಸ್ಸು. 25ರಿಂದ 32ರವರೆಗೆ 30 ಪಾಯಿಂಟ್. 33 ತುಂಬಿದ ದಿನ 25ಕ್ಕೆ ಇಳಿಯುತ್ತದೆ. 40 ತುಂಬಿದರೆ 15. 45 ತುಂಬಿದರೆ ಮೂರೂ ಪಾಯಿಂಟ್ ವೀಸಾಗಳ ಬಾಗಿಲು ಮುಚ್ಚುತ್ತದೆ. ಲೆಕ್ಕಕ್ಕೆ ಬರುವುದು ಇನ್ವಿಟೇಶನ್ ಬಂದ ದಿನದ ವಯಸ್ಸು, ಅರ್ಜಿ ಶುರುಮಾಡಿದ ದಿನದ್ದಲ್ಲ. ಮೇಲಿನ ಉದಾಹರಣೆಯಲ್ಲಿ 33ಕ್ಕೆ ಐದು ಹೋಗುತ್ತದೆ, ಆದರೆ ಲೆಕ್ಕಕ್ಕೆ ಬರುವ ಅನುಭವ ಎಂಟು ವರ್ಷ ಆಗುತ್ತಲೇ ಐದು ವಾಪಸ್ ಬರುತ್ತದೆ. ಹಾಗಾಗಿ ಮೂವತ್ತರ ಮಧ್ಯದಲ್ಲಿರುವವರು ಒಂದು ವರ್ಷ ಕಾಯುವುದು ಅಷ್ಟು ದುಬಾರಿಯಲ್ಲ. 38, 39ರಲ್ಲಿರುವವರಿಗೆ ಹಾಗಲ್ಲ. 40ಕ್ಕೆ ಹತ್ತು ಪಾಯಿಂಟ್ ಒಮ್ಮೆಗೇ ಹೋಗುತ್ತದೆ, ಅದನ್ನು ತುಂಬಿಕೊಡುವ ಬೇರೆ ಯಾವುದೂ ಉಳಿದಿರುವುದಿಲ್ಲ.

189: ಯಾರಿಗೆ ಸುಲಭ, ಯಾರಿಗೆ ಕಷ್ಟ

ನೀವು ನರ್ಸ್, ಶಿಕ್ಷಕ, ಸಿವಿಲ್ ಎಂಜಿನಿಯರ್ ಇಂಥ ಕೆಲಸದಲ್ಲಿದ್ದರೆ ಮೊದಲು 189ನ್ನೇ ನೋಡಿ. ಮೂವತ್ತರ ಒಬ್ಬ ನರ್ಸ್ ಎಂದುಕೊಳ್ಳಿ. ವಯಸ್ಸಿಗೆ 30, ಬಿಎಸ್ಸಿ ನರ್ಸಿಂಗ್‌ಗೆ 15, ಐಇಎಲ್‌ಟಿಎಸ್ 7ರ ಮಟ್ಟಕ್ಕೆ 10, ಐದು ವರ್ಷ ಅನುಭವಕ್ಕೆ 10, ಮದುವೆ ಆಗಿಲ್ಲವೆಂದು 10. ಒಟ್ಟು 75. ಸಾಫ್ಟ್‌ವೇರ್‌ನವರಿಗೆ ಈ 75 ಸಾಲದು. ನರ್ಸ್‌ಗೆ ಇದು ಒಳ್ಳೆಯ ಸ್ಥಾನ.

ಐಟಿಯವರಿಗೆ 189 ಆಸೆ ಬೇಡ ಅನ್ನುತ್ತಿಲ್ಲ. ಇಒಐ, ಅಂದರೆ ಆಸಕ್ತಿ ಇದೆ ಎಂಬ ಆನ್‌ಲೈನ್ ನೋಂದಣಿ, ಹಾಕುವುದಕ್ಕೆ ದುಡ್ಡು ಕೊಡಬೇಕಿಲ್ಲ, ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಹಾಕಿಡಿ. ಆದರೆ ಅದೊಂದನ್ನೇ ನೆಚ್ಚಿ ಕೂರಬೇಡಿ.

ಇನ್ನೊಂದು ವಿಷಯ. ಕೆಲವು ಉದ್ಯೋಗಗಳಿಗೆ 189 ಇಲ್ಲವೇ ಇಲ್ಲ. ಐಸಿಟಿ ಪ್ರಾಜೆಕ್ಟ್ ಮ್ಯಾನೇಜರ್, ಎಚ್‌ಆರ್ ಮ್ಯಾನೇಜರ್ ಇಂಥವು 190, 491ರ ಪಟ್ಟಿಯಲ್ಲಿವೆ, 189ರ ಪಟ್ಟಿಯಲ್ಲಿಲ್ಲ. ನಮ್ಮ ಕಂಪನಿಗಳಲ್ಲಿ ಎಂಟು ವರ್ಷ ಆಗುತ್ತಲೇ ಎಲ್ಲರಿಗೂ "ಮ್ಯಾನೇಜರ್" ಪಟ್ಟ ಕೊಟ್ಟುಬಿಡುತ್ತಾರೆ, ಅಲ್ವಾ? ವಿಸಿಟಿಂಗ್ ಕಾರ್ಡಿನ ಹೆಸರು ನೋಡಿ ಪಟ್ಟಿಯ ಉದ್ಯೋಗ ಕೋಡ್ ಆರಿಸಬೇಡಿ. ಅಸೆಸ್‌ಮೆಂಟ್‌ನವರು ನೋಡುವುದು ನೀವು ದಿನಾ ಮಾಡುವ ಕೆಲಸ. ಈಗಲೂ ಪ್ರೋಗ್ರಾಂ ಬರೆಯುತ್ತಿದ್ದರೆ, ಡಿಸೈನ್ ಮಾಡುತ್ತಿದ್ದರೆ, ಹುದ್ದೆಯ ಹೆಸರು ಏನೇ ಇರಲಿ, ಸಾಫ್ಟ್‌ವೇರ್ ಎಂಜಿನಿಯರ್ ಕೋಡ್ 261313 ನಿಮಗೆ ಹೊಂದಬಹುದು.

ಎಂಜಿನಿಯರ್‌ಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ ಅಸೆಸ್‌ಮೆಂಟ್ ಮಾಡುತ್ತದೆ. ಎಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ಆಯಿತು. ಹಾಗಂತ ಎಲ್ಲ ಬಿಇಗೂ ಅದು ಅನ್ವಯಿಸುವುದಿಲ್ಲ. ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಟಿಯರ್-1 ಮಾನ್ಯತೆ ಇದ್ದಾಗ ಓದಿದ ಕೋರ್ಸ್‌ಗೆ ಮಾತ್ರ. ಟಿಯರ್-1 ಸಿಗುವುದು ಸ್ವಾಯತ್ತ ಕಾಲೇಜುಗಳಿಗೆ. ವಿಟಿಯು ಅಡಿಯ ಸಾಮಾನ್ಯ ಕಾಲೇಜಿನಲ್ಲಿ ಓದಿದವರು ಸಿಡಿಆರ್ ಬರೆಯಬೇಕು, ಅಂದರೆ ತಾವೇ ಮಾಡಿದ ಮೂರು ಪ್ರಾಜೆಕ್ಟ್‌ಗಳ ಬಗ್ಗೆ ವಿವರವಾದ ವರದಿ. ಇದನ್ನು ದುಡ್ಡು ಕೊಟ್ಟು ಬರೆಸುವವರಿದ್ದಾರೆ. ನಕಲು ಸಿಕ್ಕಿಬಿದ್ದರೆ ಅಸೆಸ್‌ಮೆಂಟ್ ಅಲ್ಲಿಗೇ ನಿಲ್ಲುತ್ತದೆ. ನೀವೇ ಮಾಡಿದ ಕೆಲಸ, ನೀವೇ ಬರೆಯಿರಿ.

190 ಕಾಯಲಾ, 491 ಹಿಡಿಯಲಾ

ಈ ಬರಹದ ತಿರುಳು ಇದೇ. ಸ್ವಲ್ಪ ನಿಧಾನವಾಗಿ ನೋಡೋಣ.

491 ಅಂದರೆ ಹಳ್ಳಿಗಾಡು ಎಂಬ ಕಲ್ಪನೆ ಬಹಳ ಜನರಲ್ಲಿದೆ. ಅದು ತಪ್ಪು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಈ ಮೂರು ಮಹಾನಗರ ಬಿಟ್ಟು ಉಳಿದ ಇಡೀ ದೇಶ ವೀಸಾ ಲೆಕ್ಕದಲ್ಲಿ ರೀಜನಲ್. ಪರ್ತ್, ಅಡಿಲೇಡ್, ಕ್ಯಾನ್‌ಬೆರಾ, ಹೋಬಾರ್ಟ್, ಗೋಲ್ಡ್ ಕೋಸ್ಟ್, ನ್ಯೂಕ್ಯಾಸಲ್, ವೊಲೊಂಗಾಂಗ್, ಜೀಲಾಂಗ್ ಎಲ್ಲವೂ ಇದರಲ್ಲಿ ಬರುತ್ತವೆ. ಪರ್ತ್ ಒಂದು ದೊಡ್ಡ ರಾಜಧಾನಿ, ಗಣಿ ಕಂಪನಿಗಳ ಕೇಂದ್ರ.

ಆದರೆ ಷರತ್ತು ಗಟ್ಟಿ. 491ಕ್ಕೆ 8579 ಎಂಬ ಷರತ್ತು ಅಂಟಿಕೊಂಡಿದೆ. ವಾಸ, ಕೆಲಸ, ಓದು ಮೂರೂ ರೀಜನಲ್ ಭಾಗದಲ್ಲೇ ಆಗಬೇಕು. ಜೀಲಾಂಗಿನಲ್ಲಿ ಮನೆ ಮಾಡಿ ದಿನಾ ರೈಲು ಹತ್ತಿ ಮೆಲ್ಬರ್ನ್ ಆಫೀಸಿಗೆ ಹೋಗುವಂತಿಲ್ಲ. ರೈಲಿನಲ್ಲಿ ಒಂದು ಗಂಟೆ ಅಷ್ಟೇ, ಆದರೂ ಇಲ್ಲ. ಜನ ಮರೆಯುವ ಮುಖ್ಯ ಮಾತು ಇನ್ನೊಂದಿದೆ. ಈ ಷರತ್ತು ನಿಮಗೆ ಮಾತ್ರವಲ್ಲ, ನಿಮ್ಮ ಜೊತೆ ವೀಸಾ ಪಡೆದ ಗಂಡ ಅಥವಾ ಹೆಂಡತಿಗೂ ಅಷ್ಟೇ ಅನ್ವಯಿಸುತ್ತದೆ. ನಿಮಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು, ಅವರ ಕ್ಷೇತ್ರದ ಕೆಲಸವೆಲ್ಲ ಸಿಡ್ನಿಯಲ್ಲಿದೆ ಎಂದುಕೊಳ್ಳಿ. ಮೂರು ವರ್ಷ ಅವರು ಕೈಕಟ್ಟಿ ಕೂರಬೇಕು, ಇಲ್ಲವೇ ಬೇರೆ ಕೆಲಸ ಹುಡುಕಬೇಕು. ಬ್ಯಾಂಕಿಂಗ್, ದೊಡ್ಡ ಜಾಹೀರಾತು ಸಂಸ್ಥೆ, ಹೂಡಿಕೆ ಕಂಪನಿ ಇಂಥ ಕಡೆ ದುಡಿಯುವವರಿಗೆ ಇದು ನಿಜವಾದ ಪೆಟ್ಟು. ಅರ್ಜಿ ಹಾಕುವ ಮುಂಚೆ ಇಬ್ಬರೂ ಕೂತು, ಪರ್ತ್, ಅಡಿಲೇಡ್ ಊರುಗಳ ಉದ್ಯೋಗ ಜಾಹೀರಾತುಗಳನ್ನು ಇಬ್ಬರ ಕೆಲಸಕ್ಕೂ ಹುಡುಕಿ ನೋಡಿ. ಒಂದು ಭಾನುವಾರ ಸಾಕು.

ಹುಡುಕುವಾಗ ಇದನ್ನೂ ಗಮನಿಸಿ. ಕ್ಯಾನ್‌ಬೆರಾದಲ್ಲಿ ಐಟಿ ಕೆಲಸ ತುಂಬಾ ಇದೆ, ಆದರೆ ಅದರಲ್ಲಿ ಬಹುಪಾಲು ಕೇಂದ್ರ ಸರ್ಕಾರದ್ದು. ಅಡಿಲೇಡಿನಲ್ಲಿ ರಕ್ಷಣಾ ಕಂಪನಿಗಳು ಜಾಸ್ತಿ. ಇಂಥ ಕೆಲಸಗಳಿಗೆ ಸಾಮಾನ್ಯವಾಗಿ ಆಸ್ಟ್ರೇಲಿಯಾದ ಪೌರತ್ವ, ಸೆಕ್ಯೂರಿಟಿ ಕ್ಲಿಯರೆನ್ಸ್ ಕೇಳುತ್ತಾರೆ. ಜಾಹೀರಾತಿನ ಕೊನೆಯ ಸಾಲಿನವರೆಗೂ ಓದಿ. ನೂರು ಕೆಲಸ ಕಂಡರೂ ನಿಮಗೆ ತೆರೆದಿರುವುದು ಅದರಲ್ಲಿ ಸ್ವಲ್ಪವೇ ಇರಬಹುದು.

491ರ ಇನ್ನೊಂದು ಬಿಗಿ: ಒಮ್ಮೆ ತೆಗೆದುಕೊಂಡ ಮೇಲೆ ಮೂರು ವರ್ಷ ತುಂಬುವವರೆಗೆ 189, 190, 186ಕ್ಕೆ ಜಿಗಿಯುವಂತಿಲ್ಲ. "ಸದ್ಯ 491ರಲ್ಲಿ ಹೋಗೋಣ, ಅಲ್ಲಿ ಹೋಗಿ 190 ಮಾಡಿಸೋಣ" ಎಂದು ಯಾರಾದರೂ ಹೇಳಿದರೆ ಅವರಿಗೆ ನಿಯಮ ಗೊತ್ತಿಲ್ಲ ಎಂದರ್ಥ. ಜೊತೆಗೆ ಇದು ತಾತ್ಕಾಲಿಕ ವೀಸಾ ಆದ್ದರಿಂದ ಮನೆ ಕೊಳ್ಳುವಾಗಲೂ ತೊಡಕಿದೆ. 2025ರ ಏಪ್ರಿಲ್ 1ರಿಂದ ತಾತ್ಕಾಲಿಕ ವೀಸಾದವರು ಹಳೆಯ ಮನೆ ಕೊಳ್ಳುವುದಕ್ಕೆ ನಿಷೇಧ ಹಾಕಿದ್ದಾರೆ. ಸರ್ಕಾರಿ ಆರೋಗ್ಯ ವ್ಯವಸ್ಥೆ ಮೆಡಿಕೇರ್ ಮಾತ್ರ 491ರವರಿಗೂ ಸಿಗುತ್ತದೆ. ಮಕ್ಕಳಿರುವ ಮನೆಗೆ ಇದು ದೊಡ್ಡ ಸಮಾಧಾನ.

ಇಷ್ಟೆಲ್ಲ ಹೇಳಿದ ಮೇಲೂ, 491 ಬಂದಾಗ ಬೇಡ ಅನ್ನುವ ಮುಂಚೆ ಒಂದು ಲೆಕ್ಕ ಹಾಕಿ. ಪೌರತ್ವಕ್ಕೆ ನಾಲ್ಕು ವರ್ಷ ಕಾನೂನುಬದ್ಧ ವಾಸ ಬೇಕು, ಅದರಲ್ಲಿ ಕೊನೆಯ ಒಂದು ವರ್ಷ ಪಿಆರ್ ಆಗಿರಬೇಕು. 491ರಲ್ಲಿ ಕಳೆದ ಮೂರು ವರ್ಷವೂ ಈ ನಾಲ್ಕರಲ್ಲಿ ಸೇರುತ್ತದೆ. ಅಂದರೆ ಇವತ್ತು 491ರಲ್ಲಿ ಹೋದವರು ಮೂರು ವರ್ಷ, ಆಮೇಲೆ 191 ಕೈಗೆ ಬರುವವರೆಗಿನ ಸಮಯ, ಆಮೇಲೆ ಒಂದು ವರ್ಷ ಕಳೆದರೆ ಅರ್ಜಿ ಹಾಕಬಹುದು. 190ರವರು ಅಲ್ಲಿಗೆ ಕಾಲಿಟ್ಟ ಮೇಲೆ ನಾಲ್ಕು ವರ್ಷ. ವ್ಯತ್ಯಾಸ ಇರುವುದು 191 ಕೈಗೆ ಬರಲು ಹಿಡಿಯುವ ಸಮಯದಷ್ಟು ಮಾತ್ರ. 190ಗೆ ಬೆಂಗಳೂರಿನಲ್ಲಿ ಕೂತು ಎರಡು ವರ್ಷ ಕಾಯುವುದಾದರೆ, 491ರವರು ನಿಮಗಿಂತ ಮೊದಲೇ ಮುಟ್ಟಬಹುದು. (ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಆಮೇಲೆ ಒಸಿಐ ಕಾರ್ಡ್ ಮಾತ್ರ. ಊರಲ್ಲಿ ಕೃಷಿ ಜಮೀನು ಕೊಳ್ಳುವ ಆಸೆ ಇದ್ದವರು ಇದನ್ನು ನೆನಪಿಡಿ, ಒಸಿಐ ಇದ್ದವರು ಅದನ್ನು ಕೊಳ್ಳುವಂತಿಲ್ಲ.)

190ರ ವಿಷಯದಲ್ಲಿ ಕಾಯುವುದು ಎಂದರೇನು ಎಂಬುದೂ ಗೊತ್ತಿರಬೇಕು. ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ. ವಿಕ್ಟೋರಿಯಾದಲ್ಲಿ ಸ್ಕಿಲ್‌ಸೆಲೆಕ್ಟ್ (ಇಒಐ ಹಾಕುವ ಕೇಂದ್ರ ಸರ್ಕಾರದ ವೆಬ್‌ಸೈಟ್) ಅಲ್ಲದೆ ರಾಜ್ಯದ ವೆಬ್‌ಸೈಟಿನಲ್ಲೂ ಆಸಕ್ತಿ ನೋಂದಾಯಿಸಬೇಕು. ಕ್ಯಾನ್‌ಬೆರಾಕ್ಕೆ ತನ್ನದೇ ಪ್ರತ್ಯೇಕ ಪಾಯಿಂಟ್ ಲೆಕ್ಕ ಇದೆ, ಮ್ಯಾಟ್ರಿಕ್ಸ್ ಎಂದು ಹೆಸರು. ಬಹಳಷ್ಟು ರಾಜ್ಯಗಳು ಈಗಾಗಲೇ ಅಲ್ಲೇ ಇದ್ದು ದುಡಿಯುತ್ತಿರುವವರಿಗೆ ಮೊದಲ ಆದ್ಯತೆ ಕೊಡುತ್ತವೆ. ಇಲ್ಲಿಂದ ಅರ್ಜಿ ಹಾಕುವವರಿಗೆ ಉಳಿಯುವ ಜಾಗ ಅಷ್ಟಕ್ಕಷ್ಟೇ. ಹಾಗಾಗಿ 38 ದಾಟಿದವರಿಗೆ ನನ್ನ ಸಲಹೆ ನೇರವಾಗಿದೆ: 491 ಬಂದರೆ, ಗಂಡ ಹೆಂಡತಿ ಇಬ್ಬರಿಗೂ ಆ ಊರಲ್ಲಿ ಕೆಲಸದ ದಾರಿ ಕಂಡರೆ, ತೆಗೆದುಕೊಳ್ಳಿ. 30ರ ಆಸುಪಾಸಿನವರು, ಸಂಗಾತಿಯ ಕೆಲಸ ಸಿಡ್ನಿ ಮೆಲ್ಬರ್ನ್‌ಗೆ ಕಟ್ಟುಬಿದ್ದವರು, ಒಂದು ವರ್ಷ 190ಗೆ ಕಾಯಬಹುದು.

190ರ ಎರಡು ವರ್ಷದ ಬದ್ಧತೆ ವೀಸಾದ ಷರತ್ತಲ್ಲ, ನೀವು ರಾಜ್ಯಕ್ಕೆ ಕೊಟ್ಟ ಮಾತು. ಅದನ್ನು ಮುರಿದರೆ ವೀಸಾ ಹೋಗುವುದಿಲ್ಲ ಎಂದು ಕೆಲವರು ಹೇಳಿಕೊಡುತ್ತಾರೆ. ಕೊಟ್ಟ ಮಾತು ಉಳಿಸಿಕೊಳ್ಳಿ ಎಂಬುದೇ ನನ್ನ ಮಾತು. ಕರೆದ ರಾಜ್ಯಕ್ಕೆ ಜನ ಬೇಕು ಎಂದೇ ಕರೆದಿರುತ್ತಾರೆ, ಹಿಂದೆ ಬರುವವರ ದಾರಿಯೂ ಅದರ ಮೇಲೆ ನಿಂತಿದೆ.

ಅಪ್ಪ ಅಮ್ಮನ ವಿಷಯವನ್ನೂ ಈಗಲೇ ಯೋಚಿಸಿ. ಪಿಆರ್ ಆದ ಮಾತ್ರಕ್ಕೆ ಅವರನ್ನು ಕರೆದುಕೊಂಡು ಇಟ್ಟುಕೊಳ್ಳಲು ಆಗುವುದಿಲ್ಲ. ಸಾಮಾನ್ಯ ಪೇರೆಂಟ್ ವೀಸಾಕ್ಕೆ ಕಾಯುವ ಸಮಯವೇ ಸುಮಾರು 30 ವರ್ಷ. ದುಡ್ಡು ಕಟ್ಟುವ ವೀಸಾ ಒಬ್ಬರಿಗೇ 40 ಸಾವಿರ ಡಾಲರ್ ದಾಟುತ್ತದೆ, ಅದಕ್ಕೂ ವರ್ಷಗಟ್ಟಲೆ ಸಾಲು. ಹೆಚ್ಚಿನವರ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಹೋಗುತ್ತಾರೆ. ಬೆಂಗಳೂರಿನಿಂದ ಸಿಡ್ನಿಗೆ 2022ರ ಸೆಪ್ಟೆಂಬರ್‌ನಲ್ಲಿ ನೇರ ವಿಮಾನ ಶುರುವಾಯಿತು. ರೀಜನಲ್ ಊರುಗಳಿಗೆ ಹೋಗುವಾಗ ಸಾಮಾನ್ಯವಾಗಿ ನಡುವೆ ಎಲ್ಲಾದರೂ ವಿಮಾನ ಬದಲಿಸಬೇಕು. ಎಪ್ಪತ್ತು ದಾಟಿದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

482: ಬೇಗ ಹೋಗುವ ದಾರಿ, ಕಂಪನಿ ಕೈಯಲ್ಲಿ ದಾರ

ಪಾಯಿಂಟ್ ಸಾಲದವರಿಗೆ, ಕಾಯಲು ಸಮಯ ಇಲ್ಲದವರಿಗೆ 482. ಒಂದು ವರ್ಷದ ಅನುಭವ ಸಾಕು. ನಿಮ್ಮ ಉದ್ಯೋಗ 456 ಉದ್ಯೋಗಗಳ ಕೋರ್ ಪಟ್ಟಿಯಲ್ಲಿರಬೇಕು, ಸಂಬಳ ವರ್ಷಕ್ಕೆ ಕನಿಷ್ಠ 76,515 ಡಾಲರ್ ಇರಬೇಕು. ಸಂಬಳ 1,41,210 ಡಾಲರ್ ಮುಟ್ಟಿದರೆ ಸ್ಪೆಷಲಿಸ್ಟ್ ವಿಭಾಗ, ಅದಕ್ಕೆ ಪಟ್ಟಿಯ ತಡೆ ಕಡಿಮೆ. ಸಂಗಾತಿ ಎಲ್ಲಿ ಬೇಕಾದರೂ, ಯಾವ ಕೆಲಸ ಬೇಕಾದರೂ ಮಾಡಬಹುದು. ಈ ಒಂದು ವಿಷಯದಲ್ಲಿ 482 ತಾತ್ಕಾಲಿಕವಾದರೂ 491ಗಿಂತ ಮೇಲು. ಸಿಡ್ನಿಯಲ್ಲೇ ಇಬ್ಬರೂ ದುಡಿಯಬಹುದು.

ತೊಂದರೆ ಏನೆಂದರೆ ಕೆಲಸ ಹೋದರೆ ವೀಸಾ ಅಲ್ಲಾಡುತ್ತದೆ. 2024ರ ಜುಲೈ 1ರಿಂದ ಹೊಸ ಸ್ಪಾನ್ಸರ್ ಹುಡುಕಲು ಒಂದು ಸಲಕ್ಕೆ 180 ದಿನ ಕೊಡುತ್ತಾರೆ. ಮೊದಲು 60 ದಿನ ಇತ್ತು, ಅದಕ್ಕೆ ಹೋಲಿಸಿದರೆ ಈಗ ಎಷ್ಟೋ ವಾಸಿ. 186ಕ್ಕೆ ಬೇಕಾದ ಎರಡು ವರ್ಷವನ್ನೂ ಈಗ ಬೇರೆ ಬೇರೆ ಸ್ಪಾನ್ಸರ್ ಕಂಪನಿಗಳಲ್ಲಿ ಕೂಡಿಸಬಹುದು. ಮೆಡಿಕೇರ್ ಇಲ್ಲ, ಖಾಸಗಿ ವಿಮೆ ಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಮಕ್ಕಳ ಸರ್ಕಾರಿ ಶಾಲೆಗೂ ಶುಲ್ಕ ಬೀಳಬಹುದು. ಇವೆರಡನ್ನೂ ಸಂಬಳದ ಮಾತುಕತೆಯಲ್ಲೇ ಎತ್ತಿ.

ವಯಸ್ಸಿನ ವಿಷಯ ಇಲ್ಲೂ ಇದೆ. 482ಕ್ಕೆ ವಯಸ್ಸಿನ ಮಿತಿ ಇಲ್ಲ, 186ಕ್ಕೆ ಇದೆ, 45. ಕೆಲವರಿಗೆ ವಿನಾಯಿತಿ ಉಂಟು, ಎಲ್ಲರಿಗೂ ಅಲ್ಲ. 42 ದಾಟಿ ಕಂಪನಿ ಕಳಿಸುತ್ತದೆಂದು ಹೊರಟವರು, ಎರಡು ವರ್ಷ ಮುಗಿಯುವಾಗ ತಮ್ಮ ವಯಸ್ಸು ಎಷ್ಟಿರುತ್ತದೆಂದು ಮೊದಲೇ ನೋಡಿಕೊಳ್ಳಿ. ಪಿಆರ್‌ಗೆ ನಾಮಿನೇಟ್ ಮಾಡುತ್ತೀರಾ ಎಂದು ಕಂಪನಿಯನ್ನು ಬರವಣಿಗೆಯಲ್ಲೇ ಕೇಳಿ. ಕೇಳುವುದರಲ್ಲಿ ಸಂಕೋಚ ಏನೂ ಬೇಡ.

ಸ್ಪಾನ್ಸರ್‌ಶಿಪ್ ಕೊಡಿಸುತ್ತೇವೆ, ಇಷ್ಟು ಲಕ್ಷ ಕೊಡಿ ಎನ್ನುವವರು ಸಿಗುತ್ತಾರೆ. 2015ರ ಡಿಸೆಂಬರ್‌ನಿಂದ ಆಸ್ಟ್ರೇಲಿಯಾದಲ್ಲಿ ಸ್ಪಾನ್ಸರ್‌ಶಿಪ್‌ಗೆ ದುಡ್ಡು ಕೇಳುವುದೂ, ಕೊಡುವುದೂ ಕಾನೂನು ಪ್ರಕಾರ ತಪ್ಪು. ಕಂಪನಿ ಸರ್ಕಾರಕ್ಕೆ ಕಟ್ಟಬೇಕಾದ ತರಬೇತಿ ಲೆವಿಯನ್ನು ನಿಮ್ಮಿಂದ ವಸೂಲಿ ಮಾಡುವಂತೆಯೂ ಇಲ್ಲ.

ಈಗಷ್ಟೇ ಓದು ಮುಗಿಸಿದವರಿಗೆ ಇನ್ನೊಂದು ಬಾಗಿಲಿದೆ. ಮೇಟ್ಸ್ ಎಂಬ ಯೋಜನೆಯಲ್ಲಿ ವರ್ಷಕ್ಕೆ 3,000 ಭಾರತೀಯ ಯುವಕ ಯುವತಿಯರು ಎರಡು ವರ್ಷದವರೆಗೆ ಹೋಗಿ ಕೆಲಸ ಮಾಡಬಹುದು. ವಯಸ್ಸು 18ರಿಂದ 30ರವರೆಗೆ, ಎನ್‌ಐಆರ್‌ಎಫ್ (ನಮ್ಮ ಶಿಕ್ಷಣ ಸಂಸ್ಥೆಗಳ ಸರ್ಕಾರಿ ಶ್ರೇಯಾಂಕ) ಪಟ್ಟಿಯ ಮೊದಲ ನೂರರೊಳಗಿನ ಸಂಸ್ಥೆಯಲ್ಲಿ ಓದಿರಬೇಕು, ಆಯ್ಕೆ ಲಾಟರಿಯಲ್ಲಿ. ಕಂಪನಿ ಸ್ಪಾನ್ಸರ್ ಬೇಕಿಲ್ಲ. ಇದು ಪಿಆರ್ ಕೊಡುವುದಿಲ್ಲ, ಆದರೆ ಅಲ್ಲಿ ಮಾಡಿದ ಕೆಲಸಕ್ಕೆ ಪಾಯಿಂಟ್ ಜಾಸ್ತಿ. ಒಂದು ವರ್ಷಕ್ಕೇ 5.

ಕನ್ನಡಕ್ಕೆ ಐದು ಪಾಯಿಂಟ್

ಅನುವಾದಕರಿಗೆ ಮಾನ್ಯತೆ ಕೊಡುವ ಆಸ್ಟ್ರೇಲಿಯಾದ ನಾಟಿ (NAATI) ಸಂಸ್ಥೆಯ ಸಿಸಿಎಲ್ ಪರೀಕ್ಷೆ ಕನ್ನಡದಲ್ಲೂ ಇದೆ. ಪಾಸಾದರೆ 5 ಪಾಯಿಂಟ್. ಎರಡು ಸಂಭಾಷಣೆ, ಒಂದೊಂದೂ ಸುಮಾರು 300 ಪದ. ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಕನ್ನಡ ಮಾತಾಡುತ್ತಾರೆ. ಒಂದು ತುಣುಕು 35 ಪದ ದಾಟುವುದಿಲ್ಲ. ಕೇಳಿದ ಕೂಡಲೇ ಇನ್ನೊಂದು ಭಾಷೆಗೆ ನೀವು ಹೇಳಬೇಕು. 90ಕ್ಕೆ 63 ಬೇಕು, ಪ್ರತಿ ಸಂಭಾಷಣೆಯಲ್ಲೂ 45ಕ್ಕೆ 29.

ಮನೆಯಲ್ಲಿ ಕನ್ನಡ ಮಾತಾಡುತ್ತೇವಲ್ಲ, ಏನು ಮಹಾ ಎಂದು ಹೋದವರು ತಡವರಿಸುತ್ತಾರೆ. ವಿಷಯ ಆಸ್ಪತ್ರೆ, ಕೋರ್ಟು, ಬಾಡಿಗೆ ಮನೆ, ವಿಮೆ, ಸರ್ಕಾರಿ ಕಚೇರಿ. ವೈದ್ಯರು "ಕಳೆದ ಸಲ ಕೊಟ್ಟ ಮಾತ್ರೆಯನ್ನು ಊಟಕ್ಕೆ ಮುಂಚೆ ತೆಗೆದುಕೊಂಡಿರಾ, ತಲೆಸುತ್ತು ಬಂತಾ, ತಜ್ಞರಿಗೆ ಪತ್ರ ಬರೆದುಕೊಡಲಾ" ಎಂದು ಒಂದೇ ಉಸಿರಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಆ ಮೂರೂ ನಿಮ್ಮ ಕನ್ನಡದಲ್ಲಿ ಬರಬೇಕು. ಒಂದು ಬಿಟ್ಟರೂ ಅಂಕ ಹೋಗುತ್ತದೆ. ದಿನಾ ಕನ್ನಡ ಪತ್ರಿಕೆಯ ಒಂದು ಸುದ್ದಿ ಓದಿ ಇಂಗ್ಲಿಷಿನಲ್ಲಿ ಹೇಳಿ, ಇಂಗ್ಲಿಷಿನದ್ದು ಓದಿ ಕನ್ನಡದಲ್ಲಿ ಹೇಳಿ. ಚಿಕ್ಕ ನೋಟ್ಸ್ ಮಾಡುವ ರೂಢಿ ಬೆಳೆಸಿಕೊಳ್ಳಿ, ಪರೀಕ್ಷೆಯಲ್ಲಿ ಬರೆದುಕೊಳ್ಳಬಹುದು. ಇಂಗ್ಲಿಷ್ ಪರೀಕ್ಷೆ ಮತ್ತೆ ಮತ್ತೆ ಬರೆದು ಸಾಕಾದವರಿಗೆ ಇದು ಹತ್ತಿರದ ಐದು ಪಾಯಿಂಟ್.

ಇಂಗ್ಲಿಷ್ ವಿಷಯಕ್ಕೆ ಬಂದರೆ, ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಹಳೆಯ "ಎಲ್ಲದರಲ್ಲೂ 79" ಲೆಕ್ಕ 2025ರ ಆಗಸ್ಟ್ 7ಕ್ಕೆ ಮುಗಿಯಿತು. ಆ ದಿನದಿಂದ ಬರೆದವರಿಗೆ 20 ಪಾಯಿಂಟ್ ಬೇಕಾದರೆ ಕೇಳುವುದರಲ್ಲಿ 69, ಓದಿನಲ್ಲಿ 70, ಬರವಣಿಗೆಯಲ್ಲಿ 85, ಮಾತಿನಲ್ಲಿ 88. ಹಳೆಯ ಕೋಚಿಂಗ್ ನೋಟ್ಸ್ ಇಟ್ಟುಕೊಂಡು ಕೂತಿದ್ದರೆ ಎಸೆಯಿರಿ. ಮಾತಿನ ಭಾಗಕ್ಕೆ ಈಗ ಅಭ್ಯಾಸ ಜಾಸ್ತಿ ಬೇಕು.

ಕಾಗದ ಪತ್ರ, ದುಡ್ಡು, ಏಜೆಂಟ್

ಕಂಪನಿ ಪತ್ರವೇ ದೊಡ್ಡ ತಲೆನೋವು. ಲೆಟರ್‌ಹೆಡ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಎಲ್ಲ ಇರಬೇಕು. ನಮ್ಮ ಎಚ್‌ಆರ್‌ನವರು ದಿನಾಂಕ, ಹುದ್ದೆ ಎರಡೇ ಬರೆದು ಕೊಡುತ್ತಾರೆ. ಆಗ ಜೊತೆಗೆ ದುಡಿದ ಹಿರಿಯರೊಬ್ಬರಿಂದ ನಿಮ್ಮ ಕೆಲಸದ ವಿವರ ಇರುವ ಅಫಿಡವಿಟ್ ಮಾಡಿಸಬಹುದು. ಪೇಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್ ಅದಕ್ಕೆ ಬೆಂಬಲ. ಕೆಲಸ ಬಿಡುವ ಮೊದಲೇ ಪೇಸ್ಲಿಪ್ ಎಲ್ಲ ಇಳಿಸಿಕೊಳ್ಳಿ, ಆಮೇಲೆ ಪೋರ್ಟಲ್ ತೆರೆಯುವುದಿಲ್ಲ.

ನಮ್ಮ ಕಡೆಯವರಿಗೆ ಹೆಸರಿನ ತೊಡಕು ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಅಪ್ಪನ ಹೆಸರು ಪೂರ್ತಿ, ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು ರೂಪ. ಈ ಎಲ್ಲ ಹೆಸರೂ ಒಬ್ಬರದ್ದೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿಡಿ.

ಖರ್ಚು ಹೀಗೆ: 189, 190, 491 ಮೂರಕ್ಕೂ ಮುಖ್ಯ ಅರ್ಜಿದಾರರಿಗೆ 4,910 ಡಾಲರ್, ಸಂಗಾತಿಗೆ 2,455, ಮಗುವಿಗೆ 1,230. ಗಂಡ, ಹೆಂಡತಿ, ಒಂದು ಮಗು ಇದ್ದರೆ 8,595 ಡಾಲರ್, ಅಂದರೆ ಐದು ಲಕ್ಷ ರೂಪಾಯಿ ಆಸುಪಾಸು. ಸಂಗಾತಿಗೆ ಸಾಮಾನ್ಯ ಇಂಗ್ಲಿಷ್ ಗೊತ್ತು ಎಂದು ತೋರಿಸದಿದ್ದರೆ ಇನ್ನೂ ಸುಮಾರು 5 ಸಾವಿರ ಡಾಲರ್ ಬೀಳುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಕಾಲೇಜಿನಿಂದ ಒಂದು ಪತ್ರ ತಂದರೆ ಇದು ಉಳಿಯುತ್ತದೆ.

ಏಜೆಂಟ್ ಇಲ್ಲದೆಯೂ ಅರ್ಜಿ ಹಾಕಬಹುದು. ಹಾಕಿಸುವುದಾದರೆ ಅವರ ಏಳು ಅಂಕಿಯ ನೋಂದಣಿ ಸಂಖ್ಯೆ, ಎಂಎಆರ್‌ಎನ್, ಕೇಳಿ. ಆಸ್ಟ್ರೇಲಿಯಾ ಸರ್ಕಾರದ ರಿಜಿಸ್ಟರಿನಲ್ಲಿ ಹುಡುಕಿ. ಇಲ್ಲಿನ ಕನ್ಸಲ್ಟೆಂಟ್‌ಗಳಲ್ಲಿ ಬಹಳ ಜನಕ್ಕೆ ಆ ಸಂಖ್ಯೆ ಇರುವುದಿಲ್ಲ. "ವೀಸಾ ಗ್ಯಾರಂಟಿ" ಎಂದವರಿಂದ ಎದ್ದು ಬನ್ನಿ. ಸುಳ್ಳು ಅನುಭವ ಪತ್ರ ಕೊಟ್ಟರೆ 4020 ನಿಯಮದಡಿ ಅರ್ಜಿ ಬಿದ್ದುಹೋಗುತ್ತದೆ, ಮೂರು ವರ್ಷ ನಿಷೇಧವೂ ಬರುತ್ತದೆ, ನಿಮಗೂ ಕುಟುಂಬಕ್ಕೂ. ಸುಳ್ಳಲ್ಲದ ತಪ್ಪೂ ದುಬಾರಿ. ಎಸಿಎಸ್ ಕಳೆದ ಎರಡು ವರ್ಷವನ್ನೂ ಸೇರಿಸಿ ಇಒಐಯಲ್ಲಿ ಪಾಯಿಂಟ್ ಹಾಕಿಕೊಂಡರೆ, ಇನ್ವಿಟೇಶನ್ ಬಂದ ಮೇಲೆ ಅರ್ಜಿ ತಿರಸ್ಕಾರ ಆಗುತ್ತದೆ, ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ. ಅಸೆಸ್‌ಮೆಂಟ್ ಪತ್ರದಲ್ಲಿ ಅನುಭವ ಯಾವ ತಿಂಗಳಿಂದ ಲೆಕ್ಕ ಎಂದು ಬರೆದಿರುತ್ತದೆ. ಅದರ ಹಿಂದಿನದ್ದನ್ನು ಸಂಬಂಧವಿಲ್ಲದ ಕೆಲಸ ಎಂದೇ ಗುರುತು ಮಾಡಿ.

ಇನ್ವಿಟೇಶನ್ ಬಂದ ಮೇಲೆ ಅರ್ಜಿ ಹಾಕಲು 60 ದಿನ. ಅಷ್ಟರೊಳಗೆ ಎಲ್ಲ ಕೂಡಿಸುವುದು ಕಷ್ಟವಲ್ಲ, ಆದರೆ ಪೊಲೀಸ್ ಕ್ಲಿಯರೆನ್ಸ್ ಮತ್ತು ಮೆಡಿಕಲ್ ಎರಡನ್ನು ತೀರಾ ಮುಂಚೆ ಮಾಡಿಸಬೇಡಿ. ಆಸ್ಟ್ರೇಲಿಯಾಕ್ಕೆ ಮೊದಲ ಸಲ ಕಾಲಿಡಬೇಕಾದ ಕೊನೆಯ ದಿನಾಂಕವನ್ನು ಸಾಮಾನ್ಯವಾಗಿ ಇವುಗಳ ದಿನಾಂಕ ನೋಡಿಯೇ ಹಾಕುತ್ತಾರೆ. ಬೇಗ ಮಾಡಿಸಿದರೆ ವೀಸಾ ಕೈಗೆ ಬಂದಾಗ ಹೊರಡಲು ಉಳಿಯುವುದು ಕೆಲವೇ ವಾರ ಇರಬಹುದು. ಇಲ್ಲಿನ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿಗೆ ಆಗುತ್ತದೆ. ಹಿಂದಿನ ಹತ್ತು ವರ್ಷದಲ್ಲಿ ಅಮೆರಿಕದಲ್ಲೋ ದುಬೈಯಲ್ಲೋ ಒಟ್ಟು ಒಂದು ವರ್ಷ ಇದ್ದವರಿಗೆ ಅಲ್ಲಿನದ್ದೂ ಬೇಕು. ಆ ದೇಶದಿಂದ ತರಿಸಲು ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು ಮಾತ್ರ ಇವತ್ತೇ ವಿಚಾರಿಸಿಡಿ.